ಸುರಂಗ ಬಾವಿಯ ಕೊನೆಯ ತೊಡುಗೆ

ಬಾವಿಗಿಳಿದ ಇನ್ನೂರ ಹದಿಮೂರನೆಯ ವರ್ಷ, ಎರಡನೆಯ ಬಿಸಿಲುಗಾಲದ ಹದಿನಾಲ್ಕನೆಯ ತಿಂಗಳು.
ಬೀದರಿನ ನೆಲದಡಿ, ಮೂರನೆಯ ಗಾಳಿಗಂಡಿಯ ಪಕ್ಕ.

ಹೆಸರು ತಿಳಿಯದ ಹಿರಿಯರಿಗೆ ಮಹಾನಂದಾಳ ನಮಸ್ಕಾರಗಳು.

ಮೇಲಿನ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಮ್ಮ ವರ್ಷಕ್ಕೆ ಎರಡು ಬಿಸಿಲುಗಾಲ, ನಡುವೆ ಹೆಸರಿಗೊಂದು ಮಳೆಗಾಲ. ಚಂದ್ರನನ್ನು ನೋಡಿ ತಿಂಗಳೆಣಿಸುವ ಭಾಗ್ಯ ನಮಗಿಲ್ಲ, ನೀರಿನ ಮಟ್ಟ ನೋಡಿ ಎಣಿಸುತ್ತೇವೆ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾವು ಆಡುವ ಮಾತು ಬೇರೆ, ಅದನ್ನು ಬರೆಯುವ ರೂಢಿ ಇಲ್ಲಿಲ್ಲ. ಬರೆಯುವ ಕನ್ನಡವನ್ನು ನಾನು ಕಲಿತದ್ದು ಕಂಪ್ಯೂಟರಿನ ಮೆನುಗಳಿಂದ ಮತ್ತು ಸಹಾಯದ ಪುಟಗಳಿಂದ. ನಿಮ್ಮ ಕಾಲದ ಯಾರೋ ಪುಣ್ಯಾತ್ಮರು ಸಂಬಳವಿಲ್ಲದೆ ಕೂತು ಅವನ್ನೆಲ್ಲ ಕನ್ನಡಕ್ಕೆ ತಂದಿದ್ದರಂತೆ. ಹಾಗಾಗಿ ‘ಕಡತ’, ‘ರದ್ದುಮಾಡು’, ‘ನೀವು ಖಚಿತವೇ’ ಎಂಬ ಮಾತುಗಳೆಲ್ಲ ನನಗೆ ಎಳವೆಯಿಂದಲೂ ಪರಿಚಿತ. ಪ್ರೀತಿಯ ಮಾತು, ಅಡುಗೆಯ ಮಾತು, ಬೈಗುಳ ಇವು ಆ ಪುಟಗಳಲ್ಲಿ ಇರಲಿಲ್ಲ. ಅವನ್ನು ನನ್ನ ಅತ್ತೆಯಿಂದ ಕಲಿತೆ, ಬೈಗುಳವನ್ನು ಸ್ವಲ್ಪ ಹೆಚ್ಚಾಗಿಯೇ ಕಲಿತೆ.

ನೀವು ಯಾರೆಂದು ನನಗೆ ಗೊತ್ತಿಲ್ಲ. ನೀವು ಮಾಡಿದ ತೊಡುಗೆಯೊಂದು ಗೊತ್ತು, ಅಷ್ಟೆ. ತೊಡುಗೆ ಅಂದರೆ ನೀವು ಥೀಮ್ ಅನ್ನುತ್ತಿದ್ದುದು: ಪರದೆಗೆ ತೊಡಿಸುವ ಬಣ್ಣ, ಕಿಟಕಿಯ ಅಂಚು, ಗುಂಡಿಗಳ ಆಕಾರ, ಎಲ್ಲ ಸೇರಿ ಒಂದು ಉಡುಪು. ಅದರ ಕಡತದ ತಲೆಯಲ್ಲಿ, ಯಂತ್ರ ಓದದೆ ದಾಟಿಹೋಗುವ, ಮನುಷ್ಯರಿಗೆಂದೇ ಬಿಟ್ಟಿರುವ ಸಾಲಿನಲ್ಲಿ ನೀವು ಹೀಗೆ ಬರೆದಿದ್ದೀರಿ: ನನ್ನ ಖುಷಿಗೆ ಮಾಡಿದ್ದು, ಬೇಕಾದವರು ಬಿಚ್ಚಿ ಹೊಲಿದುಕೊಳ್ಳಿ. ಹೆಸರು ಹಾಕಿಲ್ಲ. ನಮ್ಮ ತೊಡುಗೆಗಳನ್ನೆಲ್ಲ ನಿಮ್ಮದನ್ನು ಬಿಚ್ಚಿಯೇ ಹೊಲಿದದ್ದು. ಈಗ ಅವುಗಳಲ್ಲಿ ಒಂದೇ ಒಂದು ಉಳಿದಿದೆ, ನಾಳೆ ಅದೂ ಅಳಿದುಹೋಗುತ್ತದೆ. ಆ ಒಂದರೊಳಗೆ, ನಿಮ್ಮ ಸಾಲಿನ ಕೆಳಗೇ ಕೂತು ಈ ಕಾಗದ ಬರೆಯುತ್ತಿದ್ದೇನೆ. ಇದು ನಿಮಗೆ ತಲುಪುವ ದಾರಿ ಯಾವುದೂ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಹೇಳಿಕೊಳ್ಳಲು ಬೇರೆ ಯಾರೂ ಉಳಿದಿಲ್ಲ.

ನಾವಿರುವುದು ಬೀದರಿನ ಹಳೆಯ ಸುರಂಗ ಬಾವಿಯಲ್ಲಿ. ರಾಜರ ಕಾಲದಲ್ಲಿ ನೀರು ಹರಿಸಲೆಂದು ಜಂಬಿಟ್ಟಿಗೆ ಕಲ್ಲಿನೊಳಗೆ ಕೊರೆದ ದಾರಿ ಅದು. ನಿಮ್ಮ ಕಾಲದಲ್ಲಿ ಅದರ ಬಾಯಿಗಳ ಮೇಲೆ ಕಸ ಸುರಿಯುತ್ತಿದ್ದರಂತೆ, ಇರಲಿ, ಈಗ ಬೈದು ಏನು ಮಾಡುವುದು. ಮೇಲಿನ ಬಿಸಿಲು ಮೈಮೇಲೆ ತಡೆಯಲಾಗದಷ್ಟಾದಾಗ ಊರವರು ಇಳಿದು ಬಂದರು. ದಾರಿಯನ್ನು ಅಗಲಿಸಿ ಕೋಣೆ ಮಾಡಿದರು, ಪಡಸಾಲೆ ಮಾಡಿದರು, ಗಾಳಿಗೆ ಗಂಡಿ ತೆಗೆದರು. ಅಣಬೆಯ ಹಿಟ್ಟಿನ ರೊಟ್ಟಿ ತಿನ್ನುತ್ತೇವೆ. ಅದಕ್ಕೆ ಹಚ್ಚಿಕೊಳ್ಳಲು ಅಣಬೆಯದೇ ಚಟ್ನಿ, ಹಬ್ಬದ ದಿನ ಅಣಬೆಯ ಪಾಯಸ. ಸಂಜೆ ಬಿಸಿಲು ಇಳಿದ ಮೇಲೆ ಕೆಲವರು ಮೇಲೆ ಹತ್ತಿ ಬಿಸಿಲುಹಲಗೆಗಳ ಧೂಳು ಒರೆಸಿ ಬರುತ್ತಾರೆ. ಆ ಹಲಗೆಗಳಿಂದ ಬರುವ ಕರೆಂಟಿನಲ್ಲಿ ಗಾಳಿಯ ಫ್ಯಾನು, ನೀರಿನ ಬಾಗಿಲು ಮತ್ತು ಕಂಪ್ಯೂಟರು ನಡೆಯುತ್ತವೆ. ಕಲ್ಲೆಲ್ಲ ಕೆಂಪು, ನೀರು ಕಪ್ಪು, ದೀಪ ಮಂಕು, ನಮ್ಮ ಮೈ ಬೂದಿ. ಇನ್ನೊಂದು ಬಣ್ಣ ನೋಡಬೇಕಾದರೆ ಪರದೆಯ ಮುಂದೆ ಕೂರಬೇಕು.

ಕಂಪ್ಯೂಟರು ಲಿನಕ್ಸಿನದು. ನೀವು ಹಾಗನ್ನುತ್ತಿದ್ದಿರಿ, ನಾವೂ ಹಾಗೇ ಅನ್ನುತ್ತೇವೆ. ಬೇರೆಯವೆಲ್ಲ ದೂರದ ಯಾವುದೋ ಕಂಪನಿಯ ಅಪ್ಪಣೆ ಕೇಳಿ ಕೇಳಿ, ಉತ್ತರ ಬಾರದೆ ನಿಂತುಹೋದವು. ಇದು ಯಾರನ್ನೂ ಕೇಳಲಿಲ್ಲ, ಅದಕ್ಕೇ ಉಳಿಯಿತು. ಒಂದು ಯಂತ್ರಕ್ಕೆ ಹಲವು ಪರದೆ ಕಟ್ಟಿದ್ದೇವೆ. ಪಡಸಾಲೆಯ ಗೋಡೆಯಲ್ಲಿ ದೊಡ್ಡದು, ಫ್ಯಾನಿನ ಕೋಣೆಯಲ್ಲಿ ಒಂದು, ನೀರಿನ ಬಾಗಿಲ ಹತ್ತಿರ ಒಂದು. ಹುಟ್ಟಿದ ಪ್ರತಿಯೊಬ್ಬರಿಗೂ ಅದರೊಳಗೆ ಒಂದು ಹೆಸರು, ಒಂದು ‘ಮನೆ’. ಈ ಮನೆ ಎಂಬ ಮಾತು ನಿಮ್ಮದೇ, ಒಬ್ಬೊಬ್ಬರ ಕಡತಗಳಿಗೆ ಮೀಸಲಾದ ಜಾಗ.

ತೊಡುಗೆ ತೊಡಿಸುವ ಕ್ರಮ ನಿಮಗೆ ಗೊತ್ತೇ ಇದೆ, ಆದರೂ ನಾನು ಕಲಿತಂತೆ ಹೇಳುತ್ತೇನೆ. ತೊಡುಗೆಯ ಕಡತಗಳೆಲ್ಲ ಒಂದು ಕೋಶದಲ್ಲಿರಬೇಕು. ಆ ಕೋಶ ಇನ್ನೊಂದು ಕೋಶದ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದರೆ ಯಂತ್ರಕ್ಕೆ ಕಾಣಿಸುವುದಿಲ್ಲ. ಕಲಿಯುವವರೆಲ್ಲ ಮೊದಲು ಎಡವುವುದು ಅಲ್ಲೇ. ಒಂದು ಅರ್ಧವಿರಾಮ ಬಿಟ್ಟರೆ ಎಷ್ಟೋ ಬಣ್ಣ ಹೇಳದೆ ಕೇಳದೆ ಕಾಣೆಯಾಗುತ್ತವೆ. ಕೋಶವನ್ನು ಇಡಲು ಎರಡು ಜಾಗಗಳಿವೆ. ಒಂದು, ನಿಮ್ಮ ಮನೆಯೊಳಗೆ, ಹೆಸರಿನ ಮುಂದೆ ಚುಕ್ಕಿಯಿಟ್ಟು ಮರೆಮಾಡಿದ ಮೂಲೆ; ಅಲ್ಲಿಟ್ಟರೆ ನಿಮ್ಮ ಹೆಸರಿನಲ್ಲಿ ಒಳಬಂದಾಗ ಮಾತ್ರ ಪರದೆ ಅದನ್ನು ತೊಡುತ್ತದೆ, ಯಾರ ಅಪ್ಪಣೆಯೂ ಬೇಡ. ಇನ್ನೊಂದು, ಎಲ್ಲರಿಗೂ ಸೇರಿದ ಜಾಗ. ನಾವು ಅದನ್ನು ಚಾವಡಿ ಅನ್ನುತ್ತೇವೆ. ಅಲ್ಲಿಡಬೇಕಾದರೆ ಯಂತ್ರದ ಮೂಲ ಗುಪ್ತಪದ ಬೇಕು. ಅದು ನಮ್ಮಲ್ಲಿ ಐವರು ಹಿರಿಯರ ನಡುವೆ ತುಂಡು ತುಂಡಾಗಿ ಹಂಚಿಹೋಗಿದೆ, ಒಬ್ಬರ ತುಂಡು ಇನ್ನೊಬ್ಬರಿಗೆ ಗೊತ್ತಿಲ್ಲ.

ನಮ್ಮಲ್ಲಿ ತೊಡುಗೆ ಮಾಡುವುದು ಸತ್ತವರಿಗಾಗಿ. ಇದನ್ನು ಕೇಳಿದರೆ ನಿಮಗೆ ನಗು ಬರಬಹುದು, ನೀವು ಖುಷಿಗೆ ಮಾಡಿದವರು. ಇಲ್ಲಿ ಗೋರಿಗೆ ಜಾಗವಿಲ್ಲ, ಸುಡಲು ಕಟ್ಟಿಗೆಯಿಲ್ಲ. ದೇಹವನ್ನು ಮೇಲೆ ಒಯ್ದು ಬಿಸಿಲಿಗೆ ಒಪ್ಪಿಸಿ ಬರುತ್ತೇವೆ, ಗುರುತು ಅಂತ ಏನೂ ಉಳಿಯುವುದಿಲ್ಲ. ಅದಕ್ಕೆ ಸತ್ತವರ ಬಣ್ಣಗಳನ್ನು ಹಿಡಿದು ಒಂದು ತೊಡುಗೆ ಮಾಡಿ ಚಾವಡಿಗೆ ಸೇರಿಸುತ್ತೇವೆ. ಐವರು ಹಿರಿಯರು ಬಂದು ತಮ್ಮ ತಮ್ಮ ತುಂಡನ್ನು ಒತ್ತುವ ಆ ದಿನವೇ ನಮ್ಮ ದೊಡ್ಡ ಕಾರ್ಯ. ದಿನಕ್ಕೊಬ್ಬರಂತೆ ಸಂಜೆಯ ಊಟದ ಹೊತ್ತಿಗೆ ದೊಡ್ಡ ಪರದೆ ಒಬ್ಬೊಬ್ಬರ ತೊಡುಗೆ ತೊಡುತ್ತದೆ. ಆ ಬೆಳಕಿನಲ್ಲಿ ಕೂತು ಎಲ್ಲರೂ ಉಣ್ಣುತ್ತೇವೆ. ಇವತ್ತು ಯಾರು ಎಂದು ಮಕ್ಕಳು ಕೇಳುತ್ತವೆ, ಗೊತ್ತಿದ್ದವರು ಹೇಳುತ್ತಾರೆ.

ಯಾರೂ ತಮ್ಮವರ ತೊಡುಗೆಯನ್ನು ತಮ್ಮ ಮನೆಯಲ್ಲಿಡುವಂತಿಲ್ಲ. ಇದು ಮೊದಲು ಇಳಿದವರು ಮಾಡಿದ ಕಟ್ಟಳೆ. ಮೇಲೆ ಅವರಿಗೆ ಬೇರೆ ಬೇರೆ ಸ್ಮಶಾನಗಳಿದ್ದವು, ಬೇರೆ ಕಬರಸ್ತಾನ, ಬೇರೆ ಕೇರಿ. ಕೊನೆಯ ವರ್ಷಗಳಲ್ಲಿ ಹೆಣ ಹೂಳುವ ಜಾಗಕ್ಕೂ ಹೊಡೆದಾಡಿ ಹೆಣಗಳಾದರಂತೆ. ಹಾಗಾಗಿ ಕೆಳಗೆ ಬಂದ ಮೇಲೆ ಸತ್ತವರು ಎಲ್ಲರಿಗೂ ಸೇರಿದವರು ಎಂದು ಆಣೆ ಹಾಕಿದರು. ಮನೆಯಲ್ಲಿ ಏನೂ ಇಟ್ಟುಕೊಳ್ಳದಿರುವುದೇ ದೊಡ್ಡಸ್ತಿಕೆಯಾಯಿತು. ನನ್ನ ಅತ್ತೆ ತನ್ನ ಮನೆ ಖಾಲಿ ಇದೆ ಎಂದು ತೆರೆದು ತೋರಿಸಿ ಹೆಮ್ಮೆಪಡುತ್ತಿದ್ದಳು. ಈಗಲೂ ನನಗೆ ಆ ಕಟ್ಟಳೆ ಚೆಂದವೇ ಅನ್ನಿಸುತ್ತದೆ, ಅದೇ ನನ್ನ ಸಂಕಟ.

ತೊಡುಗೆ ಹೊಲಿಯುವವಳು ನಾನು. ನಮ್ಮಲ್ಲಿ ಅವಳನ್ನು ತೊಡಿಸುವವಳು ಅನ್ನುತ್ತಾರೆ. ಕಡತದ ಒಳಗಿನ ಸಾಲುಗಳನ್ನು ತಿದ್ದುವ ಹಕ್ಕು ನನಗಿದೆ. ಚಾವಡಿಗೆ ಸೇರಿಸುವ, ತೆಗೆಯುವ ಹಕ್ಕಿಲ್ಲ. ಇಳಿಯುವಾಗ ಹಿರಿಯರು ಹಳೆಯ ಸೀರೆಗಳ ಕೌದಿಗಳನ್ನು ಹೊದ್ದು ತಂದಿದ್ದರು. ಅವುಗಳಿಂದ ಒಂದೊಂದು ತುಂಡು ಕತ್ತರಿಸಿ ಹುಟ್ಟಿದ ಮಗುವಿಗೆ ಕೊಡುತ್ತೇವೆ, ಅದು ಅವರ ಹುಟ್ಟುಬಟ್ಟೆ. ಸತ್ತ ಮೇಲೆ ಆ ಬಟ್ಟೆಯನ್ನು ಪರದೆಯ ಪಕ್ಕ ಹಿಡಿದು, ಸಂಖ್ಯೆ ಕೂಡಿಸಿ ಕಳೆದು, ಬಣ್ಣ ಹೊಂದುವ ತನಕ ನೋಡುತ್ತೇನೆ. ನಿಮಗೆ ಗೊತ್ತು, ಒಂದೊಂದು ಬಣ್ಣಕ್ಕೂ ಆರು ಗುರುತುಗಳ ಒಂದು ಸಂಕೇತ. ಹಿನ್ನೆಲೆ ಹುಟ್ಟುಬಟ್ಟೆಯಿಂದ, ಅಕ್ಷರದ ಬಣ್ಣ ಕೂದಲಿನಿಂದ, ಅಂಚಿನದು ಅವರು ಹೆಚ್ಚು ಮುಟ್ಟಿದ ವಸ್ತುವಿನಿಂದ. ಆಮೇಲೆ ಬಟ್ಟೆ ನೀರು ಸೋಸಲು ಹೋಗುತ್ತದೆ. ಕೌದಿ ಹೊಲಿಯುವವರು ಹಳೆಯ ಕೌದಿಯ ಒಂದು ತುಂಡನ್ನು ಹೊಸದರ ಮೂಲೆಗೆ ಹಚ್ಚುತ್ತಿದ್ದರಂತೆ. ಹಾಗೇ ನಾನೂ ಒಂದು ತೊಡುಗೆಯ ಅಂಚಿನ ಬಣ್ಣವನ್ನು ಮುಂದಿನದರಲ್ಲಿ ಎಲ್ಲಾದರೂ ಒಂದು ಕಡೆ, ಕಿಟಕಿಯ ಕೆಳಗೆರೆಯಲ್ಲೋ ಗುಂಡಿಯ ನೆರಳಲ್ಲೋ ಸೇರಿಸುತ್ತಿದ್ದೆ. ಯಾರಿಗೂ ಹೇಳುತ್ತಿರಲಿಲ್ಲ, ಕಸುಬಿನವರ ಖಯಾಲಿ.

ನನ್ನ ಗಂಡ ವೈಜನಾಥ ಮೇಲಿನ ಪಾಳಿಯವನು, ಹಲಗೆ ಒರೆಸುವವನು. ಗಂಡಿಯ ಬಾಯಲ್ಲಿ ಬಿಸಿಲೂ ನೀರಿನ ಪಸೆಯೂ ಕೂಡುವ ಒಂದು ಮೊಳ ಜಾಗದಲ್ಲಿ ಪಾಚಿ ಬೆಳೆಯುತ್ತದೆ. ಅವನು ಅಲ್ಲೇ ಮೊಣಕಾಲೂರಿ ಹತ್ತಿ ಇಳಿಯುತ್ತಿದ್ದ. ಎಷ್ಟು ತಿಕ್ಕಿದರೂ ಧೋತರದ ಮೊಣಕಾಲಿನ ಕಲೆ ಹೋಗುತ್ತಿರಲಿಲ್ಲ. ನಾನು ಬಯ್ಯುತ್ತಿದ್ದೆ, ನಿನಗೆ ಬೇಕಾದರೆ ಇನ್ನಷ್ಟು ಹಸಿರು ತರುತ್ತೇನೆ ಎಂದು ಅವನು ನಗುತ್ತಿದ್ದ. ಒಂದು ಸಂಜೆ ಬಿಸಿಲು ಇಳಿಯುವುದಕ್ಕೆ ಮೊದಲೇ ಹಲಗೆಯೊಂದು ಜಾರಿತೆಂದು ಹತ್ತಿದವನು ತಿರುಗಿ ಇಳಿಯಲಿಲ್ಲ. ಅವನ ತೊಡುಗೆಯ ಅಂಚಿಗೆ ಆ ಪಾಚಿಯ ಬಣ್ಣವನ್ನೇ ಇಟ್ಟೆ. ನಾನು ಮಾಡಿದ್ದರಲ್ಲಿ ಅದೇ ಚೆಂದದ್ದು, ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಅವನ ನಂತರ ಸತ್ತವಳು ಪುತಳಿ. ಫ್ಯಾನಿನ ಕೋಣೆ ನೋಡಿಕೊಳ್ಳುವ ತೇಜಮ್ಮನ ಒಬ್ಬಳೇ ಮಗಳು, ಇನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. ಜ್ವರ ಬಂತು, ಇಳಿಯಲಿಲ್ಲ. ಅವಳ ಹುಟ್ಟುಬಟ್ಟೆ ಈರುಳ್ಳಿ ಸಿಪ್ಪೆಯ ಬಣ್ಣದ್ದು, ಅದರಲ್ಲಿ ಒಂದು ಹಳದಿ ಎಳೆ. ಕಿಟಕಿಯ ಕೆಳಗೆರೆಗೆ ನನ್ನ ರೂಢಿಯಂತೆ ವೈಜನಾಥನ ಪಾಚಿ ಹಚ್ಚಿದೆ. ಹಿರಿಯರು ಸೇರಿದರು, ಜನ ಸೇರಿತು. ತೇಜಮ್ಮ ಎದ್ದು ನಿಂತು ಕೊಡುವುದಿಲ್ಲ ಅಂದಳು. ಅಷ್ಟು ಜನ ಸತ್ತವರ ಸರದಿಯಲ್ಲಿ ಒಬ್ಬರ ಪಾಳಿ ಸುತ್ತಿ ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು.

“ವರ್ಷಕ್ಕೊಮ್ಮಿ ನೋಡ್ಲಿಕ್ಕ ಹಡದಿಲ್ರೀ ನಾ ಆಕಿನ್ನ” ಅಂದಳು.

ತೊಡುಗೆಯನ್ನು ತನ್ನ ಮನೆಯ ಚುಕ್ಕಿಯ ಮೂಲೆಯಲ್ಲಿಟ್ಟುಕೊಂಡಳು. ಫ್ಯಾನಿನ ಕೋಣೆಯ ಸಣ್ಣ ಪರದೆ ಅವಳೊಬ್ಬಳಿಗಾಗಿ ದಿನವೂ ಪುತಳಿಯನ್ನು ತೊಡುತ್ತಿತ್ತು. ಅಂದಿನಿಂದ ಅವಳ ಕೈಯ ಉಪ್ಪನ್ನು ಯಾರೂ ತೆಗೆದುಕೊಳ್ಳಲಿಲ್ಲ, ನೀರಹಬ್ಬಕ್ಕೆ ಕರೆಯಲಿಲ್ಲ. ಹಿರಿಯರಲ್ಲಿ ಹಿರಿಯ ಖಾಜಾ ಚಾಚಾ ಒಳ್ಳೆಯ ಮನುಷ್ಯ. ಇವತ್ತು ಒಬ್ಬಳು ಮಗಳನ್ನು ಒಳಗಿಟ್ಟರೆ ನಾಳೆ ಒಂದೊಂದು ಕೇರಿಯೂ ತನ್ನ ಹೆಣಗಳನ್ನು ಒಳಗಿಡುತ್ತದೆ ಎಂದು ಅವರು ಹೆದರಿದ್ದರು. ಆ ಹೆದರಿಕೆ ಸುಳ್ಳೆಂದು ನಾನೂ ಹೇಳಲಾರೆ. ತೇಜಮ್ಮ ಮಾತ್ರ ಯಾರಿಗೂ ಎದುರಾಡದೆ ಫ್ಯಾನಿಗೆ ಎಣ್ಣೆ ಬಿಡುತ್ತ, ಮಗಳ ಬಣ್ಣದಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಳು.

ಹೋದ ಮಳೆಗಾಲದಲ್ಲಿ ಯಂತ್ರ ಹಟ ಹಿಡಿಯಿತು. ಗಾಳಿಯ ಬಾಗಿಲುಗಳು ಅರ್ಧಕ್ಕೆ ನಿಂತವು, ಕೆಳಗಿನ ಕೋಣೆಗಳಲ್ಲಿ ಮಕ್ಕಳು ಉಬ್ಬಸಪಡತೊಡಗಿದವು. ಯಂತ್ರ ನೋಡಿಕೊಳ್ಳುವ ಸಂಗ್ರಾಮ ‘ಹೊಸಹಾಸು’ ಮಾಡದೆ ಗತ್ಯಂತರವಿಲ್ಲ ಅಂದ. ಇದ್ದದ್ದನ್ನೆಲ್ಲ ಕಿತ್ತು ಲಿನಕ್ಸನ್ನು ಮತ್ತೆ ಮೊದಲಿನಿಂದ ಹಾಸುವುದಕ್ಕೆ ನಾವು ಹಾಗನ್ನುತ್ತೇವೆ. ಅದಕ್ಕೆಂದು ಒಂದೇ ಒಂದು ಪೆನ್‌ಡ್ರೈವ್ ನಮ್ಮಲ್ಲಿ ಉಳಿದಿದೆ, ಬೇರೆ ಏನನ್ನಾದರೂ ಎತ್ತಿಡಬಲ್ಲವು ಒಂದೂ ಉಳಿದಿಲ್ಲ. ಬಾವಿಗಿಳಿದ ಮೇಲೆ ಯಾರೂ ಹೊಸಹಾಸು ಮಾಡಿರಲಿಲ್ಲ, ಸಹಾಯದ ಪುಟದಲ್ಲಿ ಓದಿ ಬಲ್ಲೆವು, ಅಷ್ಟೆ. ಮನೆಗಳನ್ನು ಹಾಗೇ ಉಳಿಸಿಕೊಳ್ಳಬೇಕೇ ಎಂದು ಯಂತ್ರ ಕೇಳಿತು. ಹೌದು ಎಂದು ಸಂಗ್ರಾಮ ಒತ್ತಿ, ನಮ್ಮ ಕಡೆ ತಿರುಗಿ, ಹೆದರಬೇಡಿ, ಮನೆಗಳು ಎಲ್ಲೂ ಹೋಗುವುದಿಲ್ಲ ಎಂದು ನಕ್ಕ. ನಾವೂ ನಕ್ಕೆವು. ಮನೆಗಳೆಲ್ಲ ಖಾಲಿ ಇವೆ, ಇರುವುದೆಲ್ಲ ಚಾವಡಿಯಲ್ಲಿದೆ ಎಂಬುದು ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ.

ಯಂತ್ರ ಕೊಟ್ಟ ಮಾತು ಉಳಿಸಿಕೊಂಡಿತು. ನಮ್ಮ ಖಾಲಿ ಮನೆಗಳನ್ನು ಒಂದೂ ಬಿಡದೆ ಜೋಪಾನವಾಗಿ ಕಾಪಾಡಿತು, ಚಾವಡಿಯನ್ನು ಒರೆಸಿ ಹೊಸದು ಮಾಡಿತು. ಗಾಳಿ ಬಂತು, ಮಕ್ಕಳು ಉಸಿರಾಡಿದವು. ಸಂಜೆ ದೊಡ್ಡ ಪರದೆ ಹೊತ್ತಿಕೊಂಡಾಗ ಯಾರದೂ ಅಲ್ಲದ ಒಂದು ಬೂದುನೀಲಿ, ಯಂತ್ರ ತಾನಾಗಿ ತೊಡುವ ಬಣ್ಣ, ಗೋಡೆ ತುಂಬ ನಿಂತಿತ್ತು. ಪಟ್ಟಿ ತೆರೆದು ನೋಡಿದೆ. ಇನ್ನೂರು ವರ್ಷಗಳಲ್ಲಿ ಸತ್ತವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಇವತ್ತು ಯಾರು ಎಂದು ಒಂದು ಮಗು ಕೇಳಿತು. ಅವತ್ತು ಯಾರೂ ರೊಟ್ಟಿ ಮುರಿಯಲಿಲ್ಲ, ಹಿಟ್ಟು ಹಾಳಾಯಿತು.

ನಾನು ವೈಜನಾಥನನ್ನು ಮತ್ತೆ ಹೊಲಿಯಲು ಕೂತೆ. ಅವನ ಹುಟ್ಟುಬಟ್ಟೆಯೂ ಧೋತರವೂ ಎಂದೋ ಸೋಸುಬಟ್ಟೆಯಾಗಿ, ಸೋಸಿ ಸೋಸಿ ನೂಲಾಗಿದ್ದವು. ಕಣ್ಣು ಮುಚ್ಚಿದರೆ ಬಣ್ಣ ಬರುತ್ತದೆ, ತೆರೆದು ಪರದೆಯಲ್ಲಿ ಹುಡುಕಿದರೆ ಹೋಗುತ್ತದೆ. ಒಂದು ಸಲ ತೀರ ಹಸಿರು, ಒಂದು ಸಲ ತೀರ ಮಣ್ಣು. ಬರಬರುತ್ತ ಕಣ್ಣು ಮುಚ್ಚಿದರೂ ಬರದಾಯಿತು. ನನ್ನ ಕೈಯಾರೆ ಮಾಡಿದ್ದು ನನಗೇ ನೆನಪಿಲ್ಲವಲ್ಲ ಎಂದು ಆ ದಿನಗಳಲ್ಲಿ ನಾನು ಪಟ್ಟ ಸಂಕಟ ಅವನು ಸತ್ತಾಗಲೂ ಪಟ್ಟಿರಲಿಲ್ಲ.

ಆಗ ಎಲ್ಲರಿಗೂ ನೆನಪಾದದ್ದು ತೇಜಮ್ಮ. ಅವಳ ಮನೆ ಖಾಲಿ ಇರಲಿಲ್ಲ. ಉಪ್ಪು ಮುಟ್ಟದವರೆಲ್ಲ ಫ್ಯಾನಿನ ಕೋಣೆಯ ಬಾಗಿಲಲ್ಲಿ ಸಾಲಾಗಿ ನಿಂತರು. ಮೊದಮೊದಲು ಸುಮ್ಮನೆ ನೋಡಿ ಹೋಗುತ್ತಿದ್ದರು. ಆಮೇಲೆ ಅಲ್ಲೇ ಕೂತು ಪುತಳಿ, ಪುತಳಿ ಎಂದು ಅಳತೊಡಗಿದರು. ಆ ಮಗುವಿಗೆ ಬದುಕಿದ್ದಾಗ ಒಂದು ತುತ್ತು ಕೊಟ್ಟವರಲ್ಲ, ಸತ್ತ ಮೇಲೆ ಅದರ ತಾಯಿಯನ್ನು ಮಾತಾಡಿಸಿದವರಲ್ಲ. ನಾನೂ ಹೋದೆ. ನಾನು ನೋಡಿದ್ದು ಪುತಳಿಯನ್ನಲ್ಲ, ಕಿಟಕಿಯ ಕೆಳಗೆರೆಯನ್ನು. ಕೂದಲೆಳೆಯಷ್ಟು ದಪ್ಪದ ಆ ಪಾಚಿಯ ಗೆರೆ ಅಲ್ಲಿತ್ತು. ತೇಜಮ್ಮನ ಅಪ್ಪಣೆ ಕೇಳಿ ಕಡತ ತೆರೆದು ಅದರ ಸಂಕೇತ ಓದಿಕೊಂಡೆ, ನನ್ನ ಕೋಣೆಗೆ ಬಂದು ಮತ್ತೆ ಹೊಲಿಯಲು ಕೂತೆ. ಅಂಚು ಬಂತು, ಒಳಗೆ ತುಂಬಲು ಏನೂ ಇರಲಿಲ್ಲ. ಒಂದು ಎಳೆ ಹಿಡಿದುಕೊಂಡು ಕೌದಿ ಹೊಲಿಯಲಾಗದು, ಎದ್ದೆ.

ಕೊನೆಗೆ ಖಾಜಾ ಚಾಚಾ ಮತ್ತು ಉಳಿದ ನಾಲ್ವರು ಬಂದು, ಪುತಳಿಯನ್ನು ಚಾವಡಿಗೆ ಕೊಡು ಎಂದು ತೇಜಮ್ಮನನ್ನು ಬೇಡಿದರು. ಒಂದು ಪ್ರತಿ ಚಾವಡಿಗೆ ಕೊಟ್ಟು ಒಂದನ್ನು ನಾನಿಟ್ಟುಕೊಳ್ಳುತ್ತೇನೆ ಎಂದು ಅವಳು ಕೇಳಿದಳು. ಯಂತ್ರಕ್ಕೆ ಅದು ಕಷ್ಟವಲ್ಲ, ನಿಮಗೆ ಗೊತ್ತಿದೆ. ಹಿರಿಯರು ಒಪ್ಪಲಿಲ್ಲ. ಒಂದು ಪ್ರತಿ ಮನೆಯಲ್ಲಿದ್ದರೆ ಅವಳು ನಿನ್ನವಳಾಗೇ ಉಳಿಯುತ್ತಾಳೆ, ನಮ್ಮೆಲ್ಲರವಳು ಹೇಗಾಗುತ್ತಾಳೆ ಅಂದರು. ತೇಜಮ್ಮ ತಲೆಯೆತ್ತಿ ನೋಡಿದಳು. ಬಾಗಿಲ ತುಂಬ ಅಳುವವರು ನಿಂತಿದ್ದರು.

“ಒಯ್ರಿ” ಅಂದಳು. “ಖರೆ ಆಕಿ ಹೆಸರ ತಗೊಂಡು ಅಳಬ್ಯಾಡ್ರಿ. ನಿಮ್ಮ ನಿಮ್ಮವರ ಹೆಸರ ತಗೊಂಡು ಅಳ್ರಿ.”

ಜನ ಅವಳ ಮಾತನ್ನು ಅಕ್ಷರಶಃ ನಡೆಸಿಕೊಟ್ಟರು. ಅಂದಿನಿಂದ ದೊಡ್ಡ ಪರದೆ ದಿನವೂ ಆ ಒಂದು ತೊಡುಗೆಯನ್ನೇ ತೊಡುತ್ತದೆ. ಈರುಳ್ಳಿ ಸಿಪ್ಪೆಯ ಆ ಬೆಳಕಿನಲ್ಲಿ ಕೂತು ಒಬ್ಬರು ಅಪ್ಪನನ್ನು, ಒಬ್ಬರು ಹೆಂಡತಿಯನ್ನು, ಒಬ್ಬರು ಹುಟ್ಟುವಾಗಲೇ ಹೋದ ಅವಳಿ ಮಕ್ಕಳನ್ನು ಕರೆಯುತ್ತಾರೆ. ಇವತ್ತು ಯಾರು ಎಂದು ಮಕ್ಕಳು ಕೇಳಿದರೆ ಒಬ್ಬೊಬ್ಬರ ಬಾಯಿಂದ ಒಂದೊಂದು ಹೆಸರು. ನಾನು ಕೆಳಗೆರೆಯನ್ನು ನೋಡುತ್ತ ವೈಜನಾಥ ಅನ್ನುತ್ತೇನೆ. ಪುತಳಿ ಎಂದು ಯಾರೂ ಅನ್ನುವುದಿಲ್ಲ. ತೇಜಮ್ಮ ಕೆಲವು ದಿನ ಬಂದು ಹಿಂದಿನ ಸಾಲಿನಲ್ಲಿ ಕೂತಳು, ಆಮೇಲೆ ಬರುವುದನ್ನು ಬಿಟ್ಟಳು. ಫ್ಯಾನಿನ ಕೋಣೆಯ ಪರದೆಯಲ್ಲಿ ಅವಳ ಹೆಸರಿಗೆ ಈಗ ಆ ಬೂದುನೀಲಿ ಮಾತ್ರ ಬರುತ್ತದೆ.

ಈ ವಾರ ಗಾಳಿಯ ಬಾಗಿಲುಗಳು ಮತ್ತೆ ನಿಂತಿವೆ. ನಾಳೆ ಹೊಸಹಾಸು, ತಪ್ಪಿಸುವಂತಿಲ್ಲ, ಕೆಳಗಿನ ಕೋಣೆಯವರು ಆಗಲೇ ಪಡಸಾಲೆಯಲ್ಲಿ ಮಲಗುತ್ತಿದ್ದಾರೆ. ಈ ಸಲ ಸಂಗ್ರಾಮ ಮೊದಲೇ ಎಚ್ಚರಿಸಿದ. ಚಾವಡಿ ಅಳಿಯುತ್ತದೆ, ತೊಡುಗೆಯನ್ನು ಒಂದು ದಿನದ ಮಟ್ಟಿಗೆ ಯಾರದಾದರೂ ಮನೆಯಲ್ಲಿಟ್ಟರೆ ಸಾಕು, ಮರುದಿನ ವಾಪಸ್ ತರಬಹುದು ಅಂದ. ಎಲ್ಲರೂ ತಲೆಯಾಡಿಸಿದರು. ಯಾರ ಮನೆಯಲ್ಲಿ ಎಂಬಲ್ಲಿಗೆ ಮಾತು ಬಂತು, ಅಲ್ಲೇ ನಿಂತಿತು. ಖಾಜಾ ಚಾಚಾರ ಮನೆ ಅಂದರೆ ಮೇಲಿನ ಕೋಣೆಯವರು ಎದ್ದು ನಿಂತರು, ನಮ್ಮ ಅಪ್ಪ ಒಂದು ದಿನವೂ ಅವರ ಮನೆಯಲ್ಲಿರಲಾರ ಎಂದರು. ಸಂಗ್ರಾಮನ ಮನೆ ಅಂದರೆ ಕೆಳಗಿನವರು ಒಪ್ಪಲಿಲ್ಲ. ನನ್ನ ಮನೆ ಅಂದಾಗ, ತೊಡಿಸುವವಳ ಕೈಗೆ ಸಿಕ್ಕರೆ ತಿದ್ದಿ ತನ್ನ ಗಂಡನನ್ನೇ ಮಾಡಿಕೊಳ್ಳುತ್ತಾಳೆ ಎಂದು ಯಾರೋ ಹಿಂದಿನಿಂದ ಅಂದರು. ಪ್ರತಿಯೊಬ್ಬರಿಗೂ ಅದರೊಳಗೆ ಒಬ್ಬರು ಸತ್ತವರಿದ್ದಾರೆ, ಅವರನ್ನು ಇನ್ನೊಬ್ಬರ ಮನೆಗೆ ಕಳಿಸಲು ಯಾರಿಗೂ ಮನಸ್ಸಿಲ್ಲ. ಹೊಸ ಮನೆಯೊಂದನ್ನು ತೆರೆಯೋಣ ಎಂದರೆ ಅದಕ್ಕೆ ಯಾರ ಹೆಸರಿಡುವುದು ಎಂಬ ಜಗಳ. ಮೇಲೆ ಹೆಣ ಹೂಳುವ ಜಾಗಕ್ಕೆ ನಡೆದ ಜಗಳವನ್ನು ನಾವು ಕತೆಯಲ್ಲಿ ಕೇಳಿದ್ದೆವು, ಈ ವಾರ ಪಡಸಾಲೆಯಲ್ಲಿ ಕಣ್ಣಾರೆ ನೋಡಿದೆವು. ಯಾರ ಮನೆಯೂ ಬೇಡ, ಚಾವಡಿಯದು ಚಾವಡಿಯಲ್ಲೇ ಹೋಗಲಿ ಎಂದು ಖಾಜಾ ಚಾಚಾ ನಿನ್ನೆ ತೀರ್ಮಾನ ಹೇಳಿದರು. ಹೇಳಿ, ಮುಖ ಮುಚ್ಚಿಕೊಂಡು ಅತ್ತರು.

ಇವತ್ತು ಬೆಳಗ್ಗೆ ನಾನು ಫ್ಯಾನಿನ ಕೋಣೆಗೆ ಹೋದೆ. ಚಾವಡಿಯಲ್ಲಿರುವುದನ್ನು ನೋಡಲು, ಪ್ರತಿ ತೆಗೆಯಲು ಯಂತ್ರದ ಅಡ್ಡಿ ಯಾವತ್ತೂ ಇಲ್ಲ, ಅಡ್ಡಿಯೆಲ್ಲ ನಮ್ಮದು. ಸದ್ದಿಲ್ಲದೆ ಪುತಳಿಯನ್ನು ನಿನ್ನ ಮನೆಯಲ್ಲಿ ತಿರುಗಿ ಇಡುತ್ತೇನೆ ತೇಜಕ್ಕ, ಅವಳು ಮೊದಲಿದ್ದ ಮೂಲೆಯಲ್ಲೇ ಇರ್ತಾಳೆ, ಬರುವ ಬೈಗುಳ ನನಗೆ ಬರಲಿ ಅಂದೆ. ಅವಳು ಎಣ್ಣೆಯ ಕೈ ಒರೆಸಿಕೊಂಡು ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ, ಅದಿದ್ದರೆ ನನಗೆ ಹಗುರಾಗುತ್ತಿತ್ತು.

“ಅದ್ರಾಗ ಈಗ ನಿನ್ನ ಗಂಡ ಅದಾನ, ಮಹಾನಂದಾ” ಅಂದಳು. “ನನ್ನ ಮಗಳು ಎಲ್ಲ್ಯದಾಳ?”

ಅವಳು ಹೇಳಿದ್ದು ನಿಜ. ನಾನು ಉಳಿಸಲು ಹೋದದ್ದು ಆ ಒಂದು ಗೆರೆಯನ್ನು, ಅದು ಅವಳಿಗೂ ಕಂಡಿತು. ಅವಳು ಮತ್ತೆ ಫ್ಯಾನಿನ ಕಡೆ ತಿರುಗಿದಳು. ನನ್ನ ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತು, ಬೆರಳು ಅಲ್ಲಿಯವರೆಗೂ ಹೋಯಿತು. ಇಟ್ಟರೆ, ಯಾರೂ ಹೆಸರು ಹಿಡಿದು ಕರೆಯದ ಆ ಮಗುವನ್ನು ನನ್ನ ಗಂಡನ ಹೆಸರಿನಲ್ಲಿ ಕದ್ದಿಟ್ಟುಕೊಂಡ ಹಾಗೆ. ಕೈ ತೆಗೆದೆ.

ಹೀಗೆ, ಹಿರಿಯರೇ, ನಿಮ್ಮ ಖುಷಿ ಇಲ್ಲಿಗೆ ಬಂದು ಮುಗಿಯುತ್ತಿದೆ. ಈ ಕಾಗದವೂ ಚಾವಡಿಯ ಕಡತದಲ್ಲಿದೆ, ನಾಳೆ ಅದರ ಜೊತೆಗೇ ಹೋಗುತ್ತದೆ. ಮುಂದೆ ನಮ್ಮ ಮಕ್ಕಳು ಬೂದುನೀಲಿಯಲ್ಲಿ ಕೂತು ಉಣ್ಣುತ್ತಾರೆ, ಇವತ್ತು ಯಾರು ಎಂದು ಕೇಳುವುದನ್ನೂ ಒಂದು ದಿನ ಮರೆಯುತ್ತಾರೆ. ನಿಮ್ಮನ್ನು ದೂರುತ್ತಿಲ್ಲ. ನೀವು ಬಟ್ಟೆ ಕೊಟ್ಟಿರಿ, ಅಳತೆ ತಪ್ಪಿದ್ದು ನಮ್ಮದು. ನನ್ನ ಬೇಡಿಕೆ ಸಣ್ಣದು. ನಿಮ್ಮ ಕಾಲದಲ್ಲಿ ಈ ಹೊತ್ತು ನೀವು ಪರದೆಯ ಮುಂದೆ ಕೂತು ಯಾವ ಬಣ್ಣ ಹಾಕಲಿ ಎಂದು ಯೋಚಿಸುತ್ತಿರಬಹುದು. ನಿಮ್ಮ ಮನೆಯೊಳಗೆ, ಚುಕ್ಕಿಯ ಮೂಲೆಯಲ್ಲಿ, ಒಂದು ತೊಡುಗೆಯನ್ನು ಬೇರೆಯಾಗಿ ಇಡಿ. ಹಿನ್ನೆಲೆಗೆ ಈರುಳ್ಳಿ ಸಿಪ್ಪೆಯ ಬಣ್ಣ, ಅದರಲ್ಲಿ ಒಂದು ಹಳದಿ ಎಳೆ. ಅದಕ್ಕೆ ಪುತಳಿ ಎಂದು ಹೆಸರಿಡಿ, ಅವಳೊಬ್ಬಳದೇ ಹೆಸರು. ಕಿಟಕಿಯ ಕೆಳಗೆರೆಗೆ ನಾನು ಒಂದು ಬಣ್ಣ ಹಚ್ಚಿದ್ದೆ. ಆರು, ಐದು, ಏಳು, ಎರಡು, ನಾಲ್ಕು, ಸೊನ್ನೆ. ಅದನ್ನು ಹಚ್ಚಬೇಡಿ.

ಮಹಾನಂದಾ,
ತೊಡಿಸುವವಳು.